ಅರಳಿಕಟ್ಟೆಯಿಂದ ವಾಪಸ್ಸು ಬಂದ ಪಟ

ಮದ್ದೂರಿನ ಮನೆ ಖಾಲಿ ಮಾಡಿ ಲಾರಿಗೆ ಸಾಮಾನು ಹೇರಿಸುತ್ತಿದ್ದೆವು. ಪಟಗಳಿಗೆ ಕಟ್ಟು ಹಾಕುವ ಸಾಬರು ಬಂದು ನನ್ನ ಕೈಗೆ ಒಂದು ಫೋಟೋ ಇಟ್ಟರು.

"ಇವ್ರು ದೇವ್ರಲ್ಲ ಕಣಮ್ಮ, ನಿಮ್ಮನೆಯವ್ರೇ ಇರ್ಬೇಕು. ಕಟ್ಟು ನಾನಿಟ್ಕೋತೀನಿ, ಇವ್ರನ್ನ ನೀವಿಟ್ಕೊಳ್ಳಿ."

ಗಾಜು ಒಡೆದ ದೇವರ ಪಟಗಳನ್ನು ತಿಪ್ಪೆಗೆ ಹಾಕಬಾರದೆಂದು ಹಿಂದಿನ ದಿನ ಸಾಬರ ಕಣ್ಣೆದುರೇ ಅರಳಿಕಟ್ಟೆಯ ಮೇಲೆ ಇಟ್ಟು ಬಂದಿದ್ದೆವು. ಅಲ್ಲಿ ಸಿಕ್ಕ ಹಳೆಯ ಕಟ್ಟುಗಳನ್ನು ಸಾಬರು ಬಿಚ್ಚಿ ಬೇರೆ ಪಟಗಳಿಗೆ ಹಾಕುತ್ತಿದ್ದರಂತೆ. ಹಾಗೆ ಹೊಗೆ, ಕುಂಕುಮ ಮೆತ್ತಿದ್ದ ಒಂದು ಗಾಜು ತೆಗೆದಾಗ ಒಳಗಿದ್ದವರು ತೀರಿಹೋದ ನಮ್ಮತ್ತೆ. ದೇವರ ಗೂಡಿನಲ್ಲಿ ದಿನವೂ ಅವರಿಗೂ ನಾನೇ ಕುಂಕುಮ ಹಚ್ಚುತ್ತಿದ್ದೆ; ಅದರಲ್ಲೇ ಮುಖ ಮುಚ್ಚಿಹೋಗಿ, ದೇವರ ಪಟವೆಂದೇ ಅವರನ್ನೂ ಕಟ್ಟೆಗೆ ಒಯ್ದಿದ್ದೆವು.

ಮಳವಳ್ಳಿಯ ಹೊಸ ಮನೆಯಲ್ಲಿ ಆ ಫೋಟೋವನ್ನು ದೇವರ ಗೂಡಿನಲ್ಲಿಡದೆ ನಡುಮನೆಯ ಗೋಡೆಗೆ ಹಾಕಿದೆವು. ಅತ್ತೆಗೆ ದಿನದ ಕುಂಕುಮ ತಪ್ಪಿತು. ಆದರೆ ಮನೆಗೆ ಬಂದವರೆಲ್ಲ, ಇವರು ಯಾರು ಎಂದು ಕೇಳುತ್ತಾರೆ.