ತೆಂಗಿನ ಮರದ ತುದಿಯ ರೇಡಿಯೋ

ನಂಜುಂಡಯ್ಯ ಮೇಷ್ಟ್ರು ಕತ್ತೆತ್ತಿಕೊಂಡೇ ನಡೆಯುತ್ತಿದ್ದರು. ಮದ್ದೂರಿನ ಪೇಟೆಬೀದಿಯಲ್ಲಿ ಎಮ್ಮೆಗೆ ಡಿಕ್ಕಿ ಹೊಡೆದು, ಅದರ ಮುಖವನ್ನೂ ನೋಡದೆ "ಕ್ಷಮಿಸಬೇಕು" ಎಂದು ಮುಂದೆ ಹೋಗುತ್ತಿದ್ದರು. ನೆಲದ ಮೇಲಿನ ವ್ಯವಹಾರದಲ್ಲಿ ಅವರಿಗೆ ಅಷ್ಟೇ ಆಸಕ್ತಿ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರ ತಲೆಗೆ ಹೊಸ ಹುಳ ಹೊಕ್ಕಿತು. ರೇಡಿಯೋ ನಿಲಯವೊಂದನ್ನು ಆಕಾಶಕ್ಕೆ ಏರಿಸಬೇಕಂತೆ. ಅದು ಭೂಮಿಯ ಜೊತೆಗೇ ಸುತ್ತುತ್ತ ಸದಾ ನಮ್ಮ ನೆತ್ತಿಯ ಮೇಲೆ ಇರುತ್ತದಂತೆ. ಯಾವುದೋ ವಿಲಾಯತಿ ಪತ್ರಿಕೆಯಲ್ಲಿ ಓದಿದ್ದರು. ಅವರಿದ್ದ ಊರ ಶಾಲೆಯಲ್ಲೇ ನಾನು ಕನ್ನಡ ಕಲಿಸುತ್ತಿದ್ದೆ. "ಕನ್ನಡಿ ಥರ ಬಂದಿದ್ದನ್ನ ವಾಪಸು ಎಸೆದ್ರೆ ಸಾಲ್ದು ಕಣಯ್ಯಾ. ಕೇಳಿಸ್ಕೋಬೇಕು, ಬಲ ತುಂಬಬೇಕು, ಮತ್ತೆ ಕೂಗ್ಬೇಕು," ಎಂದು ನನ್ನ ಕಾಫಿ ಆರಿಹೋಗುವವರೆಗೂ ವಿವರಿಸುತ್ತಿದ್ದರು.

ಶಾಲೆಯ ಒಂದು ಕೋಣೆಯಲ್ಲಿ ಬ್ಯಾಟರಿ, ತಂತಿ, ಗಾಜಿನ ಕೊಳವೆ ಜೋಡಿಸಿಕೊಂಡು ಅವರು ವಿಜ್ಞಾನ ಕಲಿಸುತ್ತಿದ್ದರು. ಆ ಕೋಣೆಯೇ ಅವರ ಪ್ರಾಣ. ಶಾಲಾ ಸಮಿತಿಯ ಅಧ್ಯಕ್ಷ ಪುಟ್ಟೇಗೌಡರಿಗೂ ಅದೇ ಕೋಣೆ ಬೇಕಾಗಿತ್ತು, ಬೆಲ್ಲ ತುಂಬಲು. ಗೌಡರಿಗೆ ವಿದ್ಯೆಯ ಮೇಲೆ ಅಪಾರ ಗೌರವ; ಬೆಲ್ಲದ ಮೇಲೆ ಸ್ವಲ್ಪ ಹೆಚ್ಚು. ಆಕಾಶದ ರೇಡಿಯೋ ಹೇಗೆ ನಡೆಯುತ್ತದೆಂದು ತೋರಿಸಿದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ಮೇಷ್ಟ್ರನ್ನು ಮಳವಳ್ಳಿಗೆ ವರ್ಗ ಮಾಡಿಸುತ್ತೇನೆ ಎಂದು ಊರ ಮುಂದೆಯೇ ಹೇಳಿಬಿಟ್ಟರು.

ಮೇಷ್ಟ್ರು ಶಿಂಷೆಯ ದಂಡೆಯ ತೋಪನ್ನು ಆರಿಸಿಕೊಂಡರು. ತೋಪಿನ ಈಚೆ ತಾವು, ಆಚೆ ಗೌಡರು; ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳದಷ್ಟು ದೂರ. ನಡುವಿನ ತೆಂಗಿನ ಮರದ ತುದಿಯಲ್ಲಿ ಕಾಯಿ ಕೀಳುವ ಕೆಂಚ. ಅವನೇ ಆಕಾಶದ ನಿಲಯ. ಈ ಕಡೆ ಕೇಳಿದ್ದನ್ನು ಆ ಕಡೆಗೆ ಗಟ್ಟಿಯಾಗಿ ಕೂಗುವುದಷ್ಟೇ ಅವನ ಕೆಲಸ.

"ಗೌಡರು ಕ್ಷೇಮವೇ?" ಎಂದು ಮೇಷ್ಟ್ರು ಕೂಗಿದರು.

ಕೆಂಚ ಆ ಕಡೆ ಇಣುಕಿ ನೋಡಿ, ಈ ಕಡೆಗೇ ತಿರುಗಿ ಹೇಳಿದ: "ಚೆಂದಾಗವ್ರೆ ಕಣ್ ಬುದ್ದಿ. ಬೀಡಿ ಸೇದ್ಕಂಡು ಕುಂತವ್ರೆ."

ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಆ ಪ್ರಶ್ನೆಯನ್ನು ಗೌಡರಿಗೆ ಕೂಗಬೇಕೆಂದು ಮೇಷ್ಟ್ರು ಹಣೆ ಚಚ್ಚಿಕೊಂಡು ಹೇಳಿದರು. ಕಣ್ಣಿಗೆ ಕಾಣುವುದನ್ನು ಅವರನ್ನೇಕೆ ಕೇಳಬೇಕು ಎಂದು ಕೆಂಚ ವಾದಕ್ಕೆ ನಿಂತ. ತಮ್ಮ ಕಡೆಗೆ ಒಂದು ಮಾತೂ ಬಾರದೆ ಗೌಡರು ಎದ್ದರು. ಕೆಂಚ ಅದನ್ನೂ ತಿಳಿಸಿದ: "ಈಗ ಎದ್ದು ಓಯ್ತಾವ್ರೆ ಬುದ್ದಿ."

ಮೇಷ್ಟ್ರು ಮಳವಳ್ಳಿಗೆ ಹೊರಡುವ ದಿನ ಬಸ್ಸಿನ ಹತ್ತಿರ ನಾನು ಕೆಂಚನನ್ನು ಬಾಯಿಗೆ ಬಂದಂತೆ ಬೈದೆ. ಅವರು ತಡೆದರು. "ತಪ್ಪು ನಂದೇ ಕಣಯ್ಯಾ. ಮೇಲೆ ಕೂರಿಸೋ ವಸ್ತುವಿಗೆ ಸ್ವಂತ ಅಭಿಪ್ರಾಯ ಇರಬಾರ್ದು. ಯಂತ್ರಾನೇ ಆಗ್ಬೇಕು."

 ಮತ್ತೆ ನಾನು ಅವರನ್ನು ನೋಡಲಿಲ್ಲ. ಆ ವಾರವೇ ಕೋಣೆಗೆ ಬೆಲ್ಲ ಬಂತು, ಬೆಲ್ಲದ ಹಿಂದೆ ಇರುವೆ ಬಂತು. ವಿಜ್ಞಾನ ಕಲಿಸಲು ಮಾತ್ರ ಯಾರೂ ಬರಲಿಲ್ಲ.