ಬಾಗಿಲಿಗಿಂತ ಅಗಲವಾದ ಗಂಡ

ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡು ನಮ್ಮ ಬೀದಿಯ ಹೊಸ ಮನೆಗಳ ಸಾಲಿನಲ್ಲಿ ಓಡಾಡುತ್ತಿದ್ದ ಆ ಹೆಂಗಸನ್ನು ನಾನು ನಗರಸಭೆಯವಳೆಂದು ತಿಳಿದಿದ್ದೆ. ನಮ್ಮ ಮನೆಯ ಮೆಟ್ಟಿಲು ರಸ್ತೆಗೆ ಒಂದಿಷ್ಟು ಕಾಲು ಚಾಚಿಕೊಂಡಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಮುಂದಾಗಿ ಕರೆದು ಕಾಫಿ ಕೊಟ್ಟೆ. ಪೂರ್ತಿ ಕುಡಿದ ಮೇಲೆ ಆಕೆ ತಾನು ಹಿಂದಿನ ಬೀದಿಯ ದರ್ಜಿಯೆಂದಳು. ನನ್ನ ಅಂಗಿಯ ತೋಳು ಉದ್ದವಾಯಿತೆಂದೂ ಸೇರಿಸಿದಳು.

ಆಕೆಯ ಗಂಡ ಲಾರಿ ಓಡಿಸುತ್ತಿದ್ದವನು. ಅಪಘಾತವಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿ, ಗಾಲಿಕುರ್ಚಿ ಸೇರಿದ್ದ. ಬಾಡಿಗೆ ಮನೆಯ ಬಚ್ಚಲಿಗೆ ಆ ಕುರ್ಚಿ ಹೋಗದು. ಹಿತ್ತಲಲ್ಲಿ ಹಳೇ ಬೆಡ್‌ಶೀಟು ಮರೆಕಟ್ಟಿ ಹೆಂಡತಿ ಮೀಯಿಸಬೇಕು. ಗಾಳಿ ಬಂದರೆ ಒಂದು ಕೈ ಬೆನ್ನಿಗೆ, ಒಂದು ಕೈ ಬೆಡ್‌ಶೀಟಿಗೆ. ಎದುರು ಮಹಡಿಯವರಿಗೂ ಬಟ್ಟೆ ಒಣಹಾಕಲು ಅದೇ ಮುಹೂರ್ತ. ಬಾಗಿಲು ಹಾಕಿಕೊಂಡು ತನ್ನ ಪಾಡಿಗೆ ತಾನು ಸ್ನಾನ ಮಾಡಬೇಕು, ಅಷ್ಟೇ ಆತನ ಆಸೆ.

ಹೊಲಿಗೆ ಬಿಟ್ಟು ಮನೆ ಕಟ್ಟಿಸಲು ಪುರುಸೊತ್ತಿಲ್ಲದೆ, ಕಟ್ಟಿ ನಿಲ್ಲಿಸಿದ್ದನ್ನೇ ಕೊಳ್ಳಲು ಆಕೆ ಹೊರಟಿದ್ದಳು. ಬಚ್ಚಲ ಬಾಗಿಲು ಅಗಲಿಸಿ ಕೊಡುವುದಾಗಿ ಬಿಲ್ಡರು ಮುಂಗಡ ಪಡೆದು ಮಾತು ಕೊಟ್ಟಿದ್ದ. ಮಾತಿಗೇನು, ಸಿಮೆಂಟು ಬೇಕೆ? ಕಪ್ಪು ಕನ್ನಡಕವನ್ನು ಕಣ್ಣಿಗೆ ಬಿಟ್ಟು ತಲೆಗೆ ಹಾಕುವ ಆಸಾಮಿ ಈತ. ಮೇಜಿನ ಮೇಲಿನ ರಟ್ಟಿನ ಮನೆ ತೋರಿಸುವಾಗ ಸೃಷ್ಟಿಕರ್ತನ ಗತ್ತು.

ಕೀಲಿಕೈ ಕೊಟ್ಟ ದಿನ ಸಾಕ್ಷಿಗೆಂದು ನನ್ನನ್ನೂ ಕರೆದಿದ್ದಳು. ಬಚ್ಚಲ ಬಾಗಿಲು ಮೊದಲಿನಷ್ಟೇ ಇತ್ತು. ಕುರ್ಚಿ ಸಿಕ್ಕಿಕೊಂಡಿತು.

“ಎಲ್ಲಾ ಸ್ಟ್ಯಾಂಡರ್ಡ್ ಸೈಜಮ್ಮ,” ಎಂದ ಬಿಲ್ಡರು. “ಇಷ್ಟು ಮನೆ ಮಾರಿದೀನಿ, ಒಬ್ರೂ ತಕರಾರು ತೆಗ್ದಿಲ್ಲ.”

“ಅವ್ರೆಲ್ಲ ನಡ್ಕೊಂಡು ಹೋಗ್ತಾರೆ.”

“ಯಜಮಾನ್ರನ್ನ ಎತ್ತಿ ಒಳಗಿಟ್ರಾಯ್ತಮ್ಮ. ಅದಕ್ಕೆಲ್ಲ ಗೋಡೆ ಒಡೀತಾರಾ?”

ಯಜಮಾನ ಅಲ್ಲೇ ಇದ್ದಾನೆ, ಕಿವಿ ನೆಟ್ಟಗಿದೆ. ಈ ಮಹಾಶಯ ಬೀರು ಸಾಗಿಸುವ ಮಾತಾಡುತ್ತಾನೆ. ನನಗೆ ಮೈಯೆಲ್ಲ ಉರಿಯಿತು. ಆದರೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಕೆ ಕೀಲಿಕೈಯನ್ನು ಅವನ ಅಂಗೈಗೆ ಬಡಿದು, ಕುರ್ಚಿ ತಿರುಗಿಸಿಕೊಂಡು ಹೊರಟಾಗಿತ್ತು.

ಮುಂಗಡ ಮಾತ್ರ ಬಿಲ್ಡರು ಬಿಡಲೊಲ್ಲ. ಆಕೆ ಜಗಳವಾಡಲಿಲ್ಲ. ದಿನಾ ಗಂಡನನ್ನು ತಳ್ಳಿಕೊಂಡು ಹೋಗಿ ಅವನ ಕಚೇರಿಯ ಬಾಗಿಲಲ್ಲಿ ಕೂರಿಸುತ್ತಿದ್ದಳು. ಒಳಹೋಗುವ ಗಿರಾಕಿಗಳಿಗೆಲ್ಲ ಆತ ನಗುಮುಖದಿಂದ, ಬಚ್ಚಲು ನೋಡಿಕೊಂಡು ತಗೊಳ್ಳಿ ಎನ್ನುತ್ತಿದ್ದ. ಮುಂಗಡ ಬೇಗನೇ ವಾಪಸು ಬಂತು.

ಊರಂಚಿನಲ್ಲಿ ಅಂಗೈಯಗಲ ಜಾಗ ಹಿಡಿದು ಆಕೆಯೇ ಕಟ್ಟಿಸಿದಳು. ಪಾಯ ತೋಡುವ ಮೊದಲು ಗಂಡನನ್ನು ನಡುವೆ ಕೂರಿಸಿ ಸುತ್ತ ಇಟ್ಟಿಗೆ ಜೋಡಿಸಿದಳು; ಮೊಣಕೈ ಚಾಚಿಸಿದಳು, ಕುರ್ಚಿ ತಿರುಗಿಸಿದಳು, ಅಭ್ಯಾಸಬಲದಿಂದ ಕಂಕುಳಲ್ಲಿ ಬಿಗಿಯುತ್ತಾ ಎಂದೂ ಕೇಳಿದಳು.

“ಅಕ್ಕಾ, ಇದು ಬಚ್ಚಲೋ ಅಂಗಿಯೋ?” ಎಂದ ಮೇಸ್ತ್ರಿ.

“ಬಿಗಿಯಾದ್ರೆ ಆಮೇಲೆ ನೀನು ಬಿಚ್ಚಿ ಹೊಲ್ದುಕೊಡ್ತೀಯಾ?”

ಬಚ್ಚಲು ಹಿಗ್ಗಿದಷ್ಟೂ ಉಳಿದ ಮನೆ ಕುಗ್ಗಿತು. ನಾನು ನೋಡಲು ಹೋದಾಗ ನನ್ನನ್ನು ಕೂರಿಸಿದ ಜಾಗದಲ್ಲಿ ಮಂಡಿ ಗೋಡೆಗೆ ತಾಗುತ್ತಿತ್ತು. ಒಳಗಿನಿಂದ ಚಿಲಕ ಹಾಕಿಕೊಂಡು ಆಕೆಯ ಗಂಡ ನೀರು ಸುರಿದುಕೊಳ್ಳುತ್ತಿದ್ದ. ಹಾಡೂ ಇತ್ತು, ರಾಗ ಮಾತ್ರ ಇರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಾನು ಸುಮ್ಮನಿರಲಾರದೆ ಬಾಯಿಬಿಟ್ಟೆ:

“ಅಲ್ಲಮ್ಮಾ, ಆ ರೆಡಿ ಮನೇಲಿ ಹಾಲ್ ಎಷ್ಟು ಭರ್ಜರಿಯಾಗಿತ್ತು. ಒಂದು ಬಾಗಿಲಿಗೋಸ್ಕರ ಅದನ್ನ ಬಿಡ್ಬೇಕಿತ್ತಾ?”

“ಅಷ್ಟು ಚೆನ್ನಾಗಿದ್ರೆ ನೀವು ಹೋಗಿ ಆ ಹಾಲ್‌ನಲ್ಲೇ ಸ್ನಾನ ಮಾಡಿ ಸಾರ್.”