ಘಾಟು ಹೋದ ಬಾಟಲಿ

ಮನೆ ಮಾಲೀಕರ ಬಾಯಲ್ಲಿ ಅವನ ಹೆಸರು 'ಎರಡು ಕೈ' ಎಂದೇ. ಯಾವ ಗೋಡೆ ತೋರಿಸಿದರೂ ತಲೆ ಓರೆ ಮಾಡಿ ಒಂದು ಗಳಿಗೆ ನೋಡಿ, "ಎರಡು ಕೈ ಬಣ್ಣ ಹೊಡೆದ್ರೆ ಹೊಸದಾಗುತ್ತೆ ಬಿಡಿ" ಅನ್ನುತ್ತಿದ್ದ. ಹೊಸದಾಗುತ್ತಲೂ ಇತ್ತು. ಇಪ್ಪತ್ತೆರಡು ವರ್ಷ ಬಾಡಿಗೆ ಮನೆಗಳಿಗೆ ಬಣ್ಣ ಬಳಿದವನು. ಹಿಂದಿನವರು ಬಿಟ್ಟುಹೋದ ಮೊಳೆಯ ತೂತು, ಒಲೆಯ ಜಿಡ್ಡು, ಮಕ್ಕಳು ಗೀಚಿದ ಆನೆ, ಎಲ್ಲವನ್ನೂ ಅಳಿಸಿ, ಆ ಮನೆಯಲ್ಲಿ ಯಾರೂ ಬದುಕಿಯೇ ಇರಲಿಲ್ಲವೇನೋ ಅನ್ನುವ ಹಾಗೆ ಮಾಡಿ ಕೊಡುವುದರಲ್ಲಿ ಅವನದು ಎತ್ತಿದ ಕೈ.

ಬೂಷ್ಟಿನ ವಿಷಯದಲ್ಲಂತೂ ಅವನನ್ನು ಮೀರಿಸಿದವರಿರಲಿಲ್ಲ. ಬೀರು ಸರಿಸಿ ಅಂಗೈ ಹಿಂಬದಿಯನ್ನು ಗೋಡೆಗೆ ಒತ್ತಿದರೆ ತೇವ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಹೇಳುತ್ತಿದ್ದ. ಕಪ್ಪು ಕಲೆ ಬರೀ ಕೊಳೆಯೋ, ಬೂಷ್ಟೋ ಎಂದು ಅನುಮಾನ ಬಂದರೆ ಸ್ಕೂಟರಿನ ಡಬ್ಬಿಯಿಂದ ಬ್ಲೀಚಿನ ಬಾಟಲಿ ತೆಗೆದು, ಕಡ್ಡಿಗೆ ಸುತ್ತಿದ ಹತ್ತಿಯನ್ನು ಅದರಲ್ಲಿ ಅದ್ದಿ ಕಲೆಗೆ ಮುಟ್ಟಿಸುತ್ತಿದ್ದ. ಎರಡು ನಿಮಿಷ ಕಾಯಬೇಕು. ಕೊಳೆಯಾದರೆ ಕಪ್ಪಗೇ ಉಳಿಯುತ್ತದೆ, ಬೂಷ್ಟಾದರೆ ಬಿಳಿಚಿಕೊಳ್ಳುತ್ತದೆ.

ಇಷ್ಟೆಲ್ಲ ಪರೀಕ್ಷೆ ಬಾಡಿಗೆಗೆ ಬರುವವರ ಒಳ್ಳೆಯದಕ್ಕೆ ಅಂದುಕೊಂಡರೆ ತಪ್ಪು. ಕೊಳೆಯನ್ನು ಸೋಪಿನ ನೀರಲ್ಲಿ ತೊಳೆದರೆ ಸಾಕು. ಬೂಷ್ಟು ಹಾಗಲ್ಲ, ಬರೀ ಬಣ್ಣ ಬಳಿದರೆ ತಿಂಗಳೊಳಗೆ ಮತ್ತೆ ಮುಖ ತೋರಿಸುತ್ತದೆ, ಮಾಲೀಕರ ಮಾನ ಕಳೆಯುತ್ತದೆ. ಅದಕ್ಕೆ ಮೊದಲು ಎಣ್ಣೆ ಪ್ರೈಮರ್ ಬಳಿದು ಉಸಿರು ಕಟ್ಟಿಸಬೇಕು. ಎಲ್ಲಿ ಬಚ್ಚಿಡಬೇಕೆಂದು ತಿಳಿಯುವುದಕ್ಕಷ್ಟೇ ಆ ಪರೀಕ್ಷೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಬಾಡಿಗೆಯವನಿಗೂ ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಕೇಳಿದರೆ, "ನನ್ನ ಕೆಲಸ ಬಣ್ಣ ಹೊಡೆಯೋದು, ಬುದ್ಧಿ ಹೇಳೋದಲ್ಲ" ಎಂದು ಹಲ್ಲು ಕಿರಿಯುತ್ತಿದ್ದ.

ಅವನಿಗಿದ್ದವಳು ಒಬ್ಬಳೇ ತಂಗಿ. ಅಪ್ಪ ಅಮ್ಮ ಹೋದಾಗ ಅವಳಿಗೆ ಒಂಬತ್ತು, ಇವನಿಗೆ ಹತ್ತೊಂಬತ್ತು. ಜಡೆ ಹಾಕುವುದನ್ನು ಪಕ್ಕದ ಮನೆಯವರಿಂದ ಕಲಿತು ಅವಳನ್ನು ಶಾಲೆಗೆ ಕಳಿಸಿದವನು. ಅಣ್ಣ ಹೇಳಿದ ಮೇಲೆ ಮುಗಿಯಿತು, ಅವಳಿಗೆ ಇನ್ನೊಂದು ಮಾತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಏಳು ವರ್ಷದ ಮಗಳು. ಅಂಗಡಿಗೆ ಹತ್ತಿರ ಮನೆ ಹುಡುಕುತ್ತ ಹುಡುಕುತ್ತ, ಅಣ್ಣ ಕೊನೆಯ ಗೋಡೆಗೆ ರೋಲರ್ ಎಳೆಯುತ್ತಿದ್ದ ಮನೆಗೇ ಬಂದು ನಿಂತಳು.

ಆ ಮನೆಯ ಮಲಗುವ ಕೋಣೆಗೂ ಬಚ್ಚಲಿಗೂ ಗೋಡೆ ಒಂದೇ. ಗೋಡೆಯೊಳಗಿನ ಪೈಪು ಸೋರುತ್ತಿತ್ತು. ಸೊಂಟದೆತ್ತರಕ್ಕೆ ಬೂಷ್ಟು ಹತ್ತಿತ್ತು. ಹಿಂದಿನ ವಾರವಷ್ಟೇ ಅವನು ಅದಕ್ಕೆ ಪ್ರೈಮರ್ ಬಳಿದಿದ್ದ. "ಗೋಡೆ ಒಡೆದು ಪೈಪ್ ನೋಡಿಸಿ ಸಾರ್" ಎಂದು ಮಾಲೀಕರಿಗೆ ಒಂದು ಮಾತು ಹೇಳಿಯೂ ಇದ್ದ. "ಮುಂದೆ ನೋಡೋಣ, ನೀನು ಎರಡು ಕೈ ಹೊಡಿ" ಎಂದಿದ್ದರು ಅವರು. ಅವರಿಗೆ ಇನ್ನೂ ಮೂರು ಕಟ್ಟಡಗಳಿದ್ದವು, ಮೂರರ ಬಣ್ಣವೂ ಇವನದೇ.

"ಹೇಗಿದೆ ಅಣ್ಣ ಮನೆ?" ಎಂದು ತಂಗಿ ಕೇಳಿದಾಗ ಮಾಲೀಕರು ಬಾಗಿಲಲ್ಲೇ ನಿಂತಿದ್ದರು.

"ನಾನೇ ಬಣ್ಣ ಹೊಡೆದಿದೀನಿ, ಇನ್ನೇನು ಬೇಕು ನಿಂಗೆ?" ಅಂದ. ಒಂದು ವರ್ಷವಂತೂ ಏನೂ ಆಗಲ್ಲ, ಅಷ್ಟರಲ್ಲಿ ಪೈಪು ಸರಿ ಮಾಡಿಸಿದರಾಯಿತು ಎಂದು ಒಳಗೊಳಗೇ ತೇಪೆ ಹಚ್ಚಿಕೊಂಡ.

ವರ್ಷವೆಲ್ಲಿ, ನಾಲ್ಕೇ ತಿಂಗಳಿಗೆ ಮಗುವಿನ ಮಂಚದ ಹಿಂದೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ ಎದ್ದವು. ಮಗುವಿಗೆ ಬಿಡದ ಕೆಮ್ಮು. ತಂಗಿ ಫೋನ್ ಮಾಡಿ, "ಅಣ್ಣ, ಇದು ಕೊಳೆನಾ ಬೂಷ್ಟಾ, ನಿನ್ನ ಬಾಟ್ಲಿ ತಂದು ನೋಡು" ಅಂದಳು.

ತಂದ. ಮಂಚ ಸರಿಸಿ, ಬಾಟಲಿಯ ಮುಚ್ಚಳ ತೆಗೆದ. ಮೂಗಿಗೆ ಏನೂ ಬಡಿಯಲಿಲ್ಲ. ಹೊಸ ಬ್ಲೀಚಾದರೆ ಮುಚ್ಚಳ ತೆಗೆಯುತ್ತಲೇ ಘಾಟು ಕಣ್ಣಲ್ಲಿ ನೀರು ತರಿಸುತ್ತದೆ. ಈ ಬಾಟಲಿ ಒಂದು ಬೇಸಿಗೆ ಪೂರ್ತಿ ಸ್ಕೂಟರಿನ ಡಬ್ಬಿಯಲ್ಲಿ ಬೆಂದು ಸತ್ವ ಕಳೆದುಕೊಂಡಿತ್ತು. ಇದನ್ನು ಹಾಕುವುದೂ ಒಂದೇ, ನಲ್ಲಿ ನೀರು ಹಾಕುವುದೂ ಒಂದೇ. ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬೀದಿಯ ತಿರುವಿನ ಅಂಗಡಿಯಲ್ಲಿ ಹೊಸ ಬಾಟಲಿ ಸಿಗುತ್ತಿತ್ತು. ಹೋಗಿಬರಲು ಐದು ನಿಮಿಷ ಸಾಕು.

ಅವನು ಹೋಗಲಿಲ್ಲ. ಹತ್ತಿಯನ್ನು ಅದ್ದಿ ಚುಕ್ಕಿಗೆ ಮುಟ್ಟಿಸಿದ. ಅಣ್ಣ ತಂಗಿ ಇಬ್ಬರೂ ಗಡಿಯಾರ ನೋಡುತ್ತ ಎರಡು ನಿಮಿಷ ಕಾದರು. ಚುಕ್ಕಿ ಕಪ್ಪಗೇ ಇತ್ತು.

"ಕೊಳೆ ಅಷ್ಟೇ" ಅಂದ.

"ಅಬ್ಬ, ಈಗ ಜೀವ ಬಂತು ನೋಡು" ಎಂದು ತಂಗಿ ನಕ್ಕಳು, ಕಾಫಿ ಮಾಡಿ ಕೊಟ್ಟಳು. ಆ ಭಾನುವಾರವೇ ಬಂದು ಗೋಡೆಗೆ ಮತ್ತೆ ಎರಡು ಕೈ ಹೊಡೆದುಹೋದ.

ಆರು ವಾರದ ಮೇಲೆ ಮಗು ಆಸ್ಪತ್ರೆ ಸೇರಿತು. ಉಸಿರೆಳೆದರೆ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಡಾಕ್ಟರು ಒಂದೊಂದಾಗಿ ಕೇಳಿದರು: ಮನೆಯಲ್ಲಿ ಬೆಕ್ಕಿದೆಯೇ, ಸಿಗರೇಟು ಸೇದುವವರಿದ್ದಾರೆಯೇ, ಗೋಡೆಯಲ್ಲಿ ಬೂಷ್ಟಿದೆಯೇ.

"ಬೂಷ್ಟಿಲ್ಲ ಡಾಕ್ಟ್ರೇ" ಅಂದಳು ತಂಗಿ. "ನಮ್ಮಣ್ಣ ನನ್ನ ಕಣ್ಣೆದುರಿಗೇ ಪರೀಕ್ಷೆ ಮಾಡಿದಾನೆ. ಅವನ ಕೆಲಸಾನೇ ಅದು."

ಡಾಕ್ಟರು ಅವನ ಕಡೆ ನೋಡಿದರು. ಮಂಚದ ಕಾಲುಗಡೆ ನಿಂತಿದ್ದ ಅವನು ಹೌದೆಂಬಂತೆ ತಲೆಯಾಡಿಸಿದ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೇಡಿ, ಹೇಳಲಿಲ್ಲ.

ನಾಲ್ಕನೆಯ ದಿನ ಮಗುವನ್ನು ಮನೆಗೆ ಕಳಿಸಿದರು. ಅದೇ ಕೋಣೆ, ಅದೇ ಮಂಚ. ಎರಡು ದಿನ ಕಳೆಯುವುದರೊಳಗೆ ತುಟಿ ನೀಲಿಯಾದ ಮಗುವನ್ನು ಎತ್ತಿಕೊಂಡು ವಾಪಸ್ ಓಡಬೇಕಾಯಿತು. ಈ ಸಲ ಗಂಟಲಿಗೆ ಕೊಳವೆ ಇಳಿಸಿದರು.

ಮರುದಿನ ಮಧ್ಯಾಹ್ನ ತಂಗಿ ಬಟ್ಟೆ ತೆಗೆದುಕೊಳ್ಳಲು ಮನೆಗೆ ಬಂದಾಗ ಅವನು ತಿರುವಿನ ಅಂಗಡಿಯಿಂದ ತಂದ ಹೊಸ ಬಾಟಲಿ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ. ಅವಳ ಹಿಂದೆಯೇ ಒಳಗೆ ಹೋಗಿ ಮಂಚ ಎಳೆದು, ತಾನೇ ಬಳಿದ ಬಣ್ಣವನ್ನು ಕೆರೆದ. ಒದ್ದೆ ಗೋಣಿಚೀಲದ ವಾಸನೆ ಬಂತು. ಮುಚ್ಚಳ ತೆಗೆದಾಗ ಘಾಟಿಗೆ ಇಬ್ಬರಿಗೂ ಕೆಮ್ಮು ಬಂತು. ಹತ್ತಿ ಮುಟ್ಟಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ, ಕಪ್ಪು ಕಂದಾಗಿ, ಕಂದು ಬಿಳಿಚಿಕೊಂಡಿತು.

ತಂಗಿ ಬಟ್ಟೆಯ ಚೀಲ ಹಿಡಿದೇ ನೋಡುತ್ತಿದ್ದಳು. "ಅವತ್ತು ಈ ಕಪ್ಪು ಯಾಕೆ ಹೋಗ್ಲಿಲ್ಲ?"

"ಬಾಟ್ಲಿ ಹಳೇದಾಗಿತ್ತು."

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಬಚಾವಾಗುತ್ತಿದ್ದ. ಪಾಪ, ಅಣ್ಣನಿಗೆ ತಿಳಿಯಲಿಲ್ಲ ಎಂದು ಅವಳೇ ಸಮಾಧಾನ ಹೇಳುತ್ತಿದ್ದಳೇನೋ.

"ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು" ಅಂದ. "ಮುಚ್ಚಳ ತೆಗೆದಾಗ್ಲೇ ಗೊತ್ತಾಯ್ತು."

ಅವಳು ಬೀರುವಿನಿಂದ ಮಗುವಿನ ಎರಡು ಲಂಗ, ಒಂದು ಟವೆಲ್ ತೆಗೆದು ಚೀಲಕ್ಕೆ ತುಂಬಿ ಆಸ್ಪತ್ರೆಗೆ ಹೊರಟಳು. ಸ್ಕೂಟರಿನಲ್ಲಿ ಬಿಡುತ್ತೇನೆಂದರೂ ಕೇಳದೆ ನಡೆದೇ ಹೋದಳು.

ಮಗು ಉಳಿಯಿತು. ಉಳಿಯಿತು ಅನ್ನಬೇಕಷ್ಟೇ. ಒಂದು ಮಹಡಿ ಹತ್ತುವಷ್ಟರಲ್ಲಿ ನಡುವೆ ಕೂತು ಸುಧಾರಿಸಿಕೊಳ್ಳುತ್ತದೆ. ಇನ್ನು ಇದು ಹೀಗೇ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ತಂಗಿ ಬೇರೆ ಮನೆ ಮಾಡಿದ್ದಾಳೆ. ಅದರ ಗೋಡೆಗಳನ್ನು ತಾನೇ ಬಾಟಲಿ ಕೊಂಡು ತಂದು ಪರೀಕ್ಷೆ ಮಾಡಿಕೊಂಡಳು, ಅವನನ್ನು ಕರೆಯಲಿಲ್ಲ. ಎರಡು ಕೈ ಈಗ ಬಾಡಿಗೆಗೆ ಬರುವವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಕೆಲಸ ಕೊಡುವ ಮಾಲೀಕರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಅದರಿಂದ ಆ ಮಗುವಿನ ಉಸಿರೇನೂ ವಾಪಸ್ ಬಂದಿಲ್ಲ.

ಭಾನುವಾರ ಬೆಳಿಗ್ಗೆ ಹಾಲು ತಗೊಂಡು ಅವನು ತಂಗಿಯ ಮನೆಗೆ ಹೋಗುತ್ತಾನೆ. ಅವಳು ಬಾಗಿಲು ತೆಗೆಯುತ್ತಾಳೆ, ಕೂತುಕೋ ಅನ್ನುತ್ತಾಳೆ. ಮಗು "ಮಾವ" ಎಂದು ತೊಡೆಗೆ ಒರಗುತ್ತದೆ, ಅದರ ಎದೆಯ ಸೀಟಿ ಅವನಿಗೆ ಕೇಳಿಸುತ್ತದೆ. ಮೊದಲ ಭಾನುವಾರ ಹೋದಾಗ ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ತಂಗಿ ಅವನು ತಂದ ಹಾಲಿನ ಪೊಟ್ಟಣದ ತುದಿ ಕತ್ತರಿಸಿ, ಮೂಗಿನ ಹತ್ತಿರ ಹಿಡಿದು, ಎರಡು ಸಲ ಮೂಸಿ ನೋಡಿದಳು. ಆಮೇಲೆ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು.